ಸ್ಲೇಟಿನ ಮೇಲೆ ಉಳಿದ ಹೆಸರು

ಮೆಟ್ಟಿಲ ಪಾಚಿ ಉಜ್ಜುವುದಕ್ಕೆ ಗಟ್ಟಿ ಬ್ರಷ್ಷು ಬೇಕು, ಕಲ್ಲುಪ್ಪು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಒಳ್ಳೆಯ ಮಂಡಿ ಬೇಕು. ನನ್ನ ಹತ್ತಿರ ಮೊದಲ ಎರಡು ಇದ್ದವು. ಆರನೆಯ ಮೆಟ್ಟಿಲು ಮುಗಿಸಿ ಏಳನೆಯದಕ್ಕೆ ಜರುಗುತ್ತಿದ್ದೆ. ಅಷ್ಟರಲ್ಲಿ ತಲೆಯ ಮೇಲುಗಡೆ ಸೀಮೆಸುಣ್ಣ ಕಿರ್ರೆಂದಿತು.

"ಡೀಲಿಯಾ, ಗಂಟೆ ಎಷ್ಟಾಯ್ತು?"

"ಎಂಟೂ ಹತ್ತು."

"ನೀರು?"

"ಒಂಬತ್ತು ಡಿಗ್ರಿ. ಫಿಲೊಮಿನಾ ಈಗಷ್ಟೇ ಅಳೆದು ಹೋದಳು."

"ಆಹಾ, ಹೇಳಿ ಮಾಡಿಸಿದ ಹಾಗಿದೆ!" ಎಂದ ಕೋಲ್ಮನ್ ಹೆಹಿರ್. ಸ್ಲೇಟಿನ ಮೇಲೆ ತನ್ನ ಹೆಸರನ್ನೂ ವೇಳೆಯನ್ನೂ ದುಂಡಗೆ ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಒಮ್ಮೆ ಓದಿ ನೋಡಿಕೊಂಡ.

ಕಾರಿಗ್‌ಬೆಗ್ ಊರಿನ ಈ ಮಡುವಿಗೆ ಪಾದ್ರಿ ಮಡು ಎಂದು ಹೆಸರು. ನನ್ನ ಚಿಕ್ಕಂದಿನಲ್ಲಿ ಇಲ್ಲಿ ಪಾದ್ರಿಗಳು ಮಾತ್ರ ಈಜಬಹುದಿತ್ತು. ಹೆಂಗಸರು ಮೇಲಿನ ದಾರಿಯಲ್ಲಿ ಹೋಗುವಾಗಲೂ ಮುಖ ತಿರುಗಿಸಿಕೊಂಡು ಹೋಗಬೇಕಿತ್ತು. ಈಗ ಹೆಂಗಸರೇ ಇದರ ಒಡತಿಯರು, ಫಾದರ್ ಟಿಯರ್ನಿಯೇ ನಮ್ಮನ್ನು ಕೇಳಿಕೊಂಡು ಇಳಿಯುತ್ತಾರೆ. ಕಟ್ಟಳೆ ಒಂದೇ ಒಂದು. ಇಳಿಯುವವರು ಸ್ಲೇಟಿನ ಮೇಲೆ ಹೆಸರು ಬರೆಯಬೇಕು, ಹತ್ತಿ ಬಂದ ಮೇಲೆ ಅಳಿಸಬೇಕು. ಹೆಸರು ಉಳಿದಿದೆ ಎಂದರೆ ಮನುಷ್ಯ ಇನ್ನೂ ನೀರಿನಲ್ಲಿದ್ದಾನೆ ಎಂದರ್ಥ.

ಕೋಲ್ಮನ್ ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಮದುವೆಯಾಗಲಿಲ್ಲ. ನಮ್ಮ ಚರ್ಚಿಗೆ ಸೇರಿದ ಇಡೀ ಪ್ಯಾರಿಷ್ಷಿನಲ್ಲಿ ಅವನಷ್ಟು ಈಜಿನ ಸರಂಜಾಮು ಇದ್ದವರು ಇನ್ನೊಬ್ಬರಿಲ್ಲ. ಪಾದ ಮುಚ್ಚುವ ನಿಲುವಂಗಿ, ರಬ್ಬರಿನ ಕೈಗವಸು, ಉಣ್ಣೆಯ ಟೋಪಿ, ಸೀಟಿ, ಎರಡು ಫ್ಲಾಸ್ಕು, ಸೊಂಟಕ್ಕೆ ಕಟ್ಟಿಕೊಳ್ಳುವ ಕಿತ್ತಳೆ ಬಣ್ಣದ ತೇಲುಬುರುಡೆ. ಚಳಿನೀರಿನ ಈಜಿನ ಬಗ್ಗೆ ಗ್ರಂಥಾಲಯದಲ್ಲಿದ್ದ ಅಷ್ಟೂ ಪುಸ್ತಕ ಓದಿದ್ದ. ಗಂಡಸರು ಬಟ್ಟೆ ಬದಲಿಸುವ ಹಸುಬಂಡೆಯ ಹಿಂದಕ್ಕೆ ದಿನವೂ ಇದೆಲ್ಲ ಹೊತ್ತುಕೊಂಡು ಹೋಗುವನು. ಹತ್ತು ನಿಮಿಷಕ್ಕೆ ತಲೆಯಿಂದ ನೀರು ತೊಟ್ಟಿಕ್ಕಿಸುತ್ತ, ಹಲ್ಲು ಕಟಕಟಿಸುತ್ತ ಬಂದು, ಹೆಸರು ಅಳಿಸಿ, ನಮ್ಮ ಕೇಕಿನಲ್ಲಿ ಎರಡು ಹೋಳು ತಿನ್ನುವನು.

ಅವನಲ್ಲಿ ಇಲ್ಲದಿದ್ದದ್ದು ಈಜು ಮಾತ್ರ. ಸಮುದ್ರದಿಂದ ಬಂದವರ ಹುಬ್ಬಿನ ಮೇಲೆ ಒಣಗಿದಾಗ ಉಪ್ಪು ಕೂರುತ್ತದೆ. ಮೂರು ಚಳಿಗಾಲದಲ್ಲಿ ಕೋಲ್ಮನ್‌ನ ಹುಬ್ಬಿನ ಮೇಲೆ ಒಂದು ಹರಳೂ ಕೂರಲಿಲ್ಲ. ಬಂಡೆಯ ಹಿಂದೆ ಒಂದು ಬಾಟಲಿ ಮಳೆನೀರು ಇಟ್ಟುಕೊಂಡಿದ್ದ. ನಾನು ಯಾರಿಗೂ ಹೇಳಲಿಲ್ಲ. ಐವತ್ತೆರಡನೆಯ ವಯಸ್ಸಿನವರೆಗೆ ಚರ್ಚಿನಲ್ಲಿ ಪ್ರಾರ್ಥನೆಯ ಪುಸ್ತಕ ಬಿಡಿಸಿ ಹಿಡಿದು, ಅಕ್ಷರ ಬಾರದೆ, ಬರೀ ತುಟಿ ಅಲ್ಲಾಡಿಸಿದವಳು ನಾನು. ಕಲಿಯುವವರೆಗೆ ನಟಿಸುವುದು ಎಷ್ಟು ದಣಿವಿನ ಕೆಲಸವೆಂದು ನನಗೆ ಗೊತ್ತು.

ಈ ನಟನೆಗೆಲ್ಲ ಕಾರಣ ನೋರೀನ್ ಲಿಲ್ಲಿಸ್. ನಲವತ್ತೊಂದು ವರ್ಷದ ಕೆಳಗೆ ಇದೇ ಮೆಟ್ಟಿಲಿಂದ ನೀರಿಗೆ ಹಾರಿ, ಮಡು ದಾಟಿ, ಹೊರಗಿನ ಅಲೆಯಲ್ಲಿ ತಲೆಯೆತ್ತಿ "ಬಾರೋ ಕೋಲ್ಮನ್!" ಎಂದು ಕರೆದವಳು ಅವಳು. ಶೂ ಹಾಕಿಕೊಂಡು, ಅವಳ ಸ್ವೆಟರನ್ನು ಎರಡೂ ಕೈಯಲ್ಲಿ ಹಿಡಿದು, ದಡದಲ್ಲೇ ನಿಂತವನು ಇವನು. ಅವಳು ಹತ್ತಿ ಬಂದು ಸ್ವೆಟರು ತೆಗೆದುಕೊಂಡು ಹೋದಳು. ಆ ಶರತ್ಕಾಲದಲ್ಲಿ ಕೆನಡಾಕ್ಕೇ ಹೋದಳು.

ಮೂರು ವರ್ಷದ ಹಿಂದೆ ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಅವಳ ಕಾಗದ ಬಂತು. ಕೋಲ್ಮನ್ ಅದನ್ನು ಹಿಡಿದುಕೊಂಡು ನನ್ನ ಅಡುಗೆಮನೆಗೆ ಓಡಿಬಂದಿದ್ದ.

"ಓದಿ ಹೇಳು ಡೀಲಿಯಾ, ಇದರಲ್ಲಿ ಕೋಪ ಇದೆಯಾ, ಪ್ರೀತಿ ಇದೆಯಾ?"

ಗಂಡ ತೀರಿಕೊಂಡ ಮೇಲೆ ದಿನಾ ಬೆಳಗ್ಗೆ ಸಮುದ್ರಕ್ಕೆ ಇಳಿಯುತ್ತೇನೆ ಎಂದು ಬರೆದಿದ್ದಳು. ಆಚೆ ದಡದಲ್ಲಿ ನಮ್ಮೂರಿದೆ ಅನ್ನಿಸುತ್ತದೆ, ನೀರಂತೂ ಒಂದೇ. ಕೊನೆಯಲ್ಲಿ ಒಂದು ಪ್ರಶ್ನೆ: "ನೀನು ಇಳಿದೆಯಾ, ಇಲ್ಲ ಇನ್ನೂ ದಡದಲ್ಲೇ ಇದ್ದೀಯಾ?"

"ಎರಡೂ ಇಲ್ಲ ಕಣೋ. ಪ್ರಶ್ನೆ ಇದೆ, ಉತ್ತರ ಬರಿ" ಎಂದಿದ್ದೆ.

ಅವತ್ತೇ ಬರೆದ. 'ಇಳಿದೆ, ದಿನಾ ಇಳಿಯುತ್ತೇನೆ' ಎಂದು ಬರೆದು, ಅಂಟಿಸಿ, ಕೋಟಿನ ಒಳಜೇಬಿನಲ್ಲಿಟ್ಟುಕೊಂಡ. ಅಲ್ಲಿಗೇ ನಿಂತಿತು. ಊರಿಗೆಲ್ಲ ಸುಳ್ಳು ಹೇಳಬಲ್ಲವನು ನೋರೀನ್‌ಗೆ ಹೇಳಲಾರ. ಮೊದಲು ಇಳಿಯಬೇಕು, ಆಮೇಲೆ ಕಳಿಸಬೇಕು ಎಂದು ಅವನ ಲೆಕ್ಕಾಚಾರ. ದಿನಾ ಮೆಟ್ಟಿಲವರೆಗೆ ಬಂದು, ಪಶ್ಚಿಮಕ್ಕೆ ಒಮ್ಮೆ ಕಣ್ಣು ಹಾಯಿಸಿ, ಬಂಡೆಯ ಹಿಂದಕ್ಕೆ ಹೋಗುವನು. ಮೂರು ವರ್ಷ ಆ ಕಾಗದ ಅವನ ಎದೆಯ ಮೇಲೆ ಕೂತು ಕೂತು ಎದೆಯ ಆಕಾರಕ್ಕೇ ಬಗ್ಗಿತ್ತು.

ನಾನು ಪಾಚಿ ಉಜ್ಜುತ್ತಿದ್ದ ಆ ಫೆಬ್ರವರಿಯ ಬೆಳಗ್ಗೆ ಅವನಿಗೆ ಏನು ಹೊಕ್ಕಿತೋ, ಸುಳ್ಳೋ ನಿಜವೋ ಕಳಿಸಿಯೇಬಿಡುತ್ತೇನೆ ಎಂದು ಸರಂಜಾಮನ್ನೆಲ್ಲ ಬಂಡೆಯ ಹಿಂದೆಯೇ ಬಿಟ್ಟು, ಹಿಂದಿನ ಕಾಲುದಾರಿ ಹತ್ತಿ, ಎಂಟೂಕಾಲರ ಬಸ್ಸು ಹಿಡಿದು ಪಟ್ಟಣದ ಅಂಚೆ ಕಚೇರಿಗೆ ಹೋಗಿಬಿಟ್ಟ. ಹೆಸರು ಅಳಿಸುವುದನ್ನು ಮರೆತ. ಮೆಟ್ಟಿಲು ಮುಗಿಸಿ ಮನೆಗೆ ಹೋಗುವಾಗ ನಾನು ಕೂಡ ಸ್ಲೇಟಿನ ಕಡೆ ನೋಡಲಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಒಂಬತ್ತಕ್ಕೆ ಫಿಲೊಮಿನಾ ನೋಡಿದಳು. ನಲವತ್ತು ವರ್ಷ ನರ್ಸ್ ಆಗಿದ್ದವಳು, ಅವಳ ಬಾಯಲ್ಲಿ ನಿಮಿಷಗಳೇ ಮಾತು. "ಒಂಬತ್ತು ಡಿಗ್ರಿಗೆ ಒಂಬತ್ತು ನಿಮಿಷ! ಐವತ್ತು ನಿಮಿಷ ಆಗಿದೆ!" ಎಂದು ಚೀರಿ ತುರ್ತು ಸಂಖ್ಯೆಗೆ ಫೋನ್ ಮಾಡಿದಳು.

ಹತ್ತು ಗಂಟೆಯ ಹೊತ್ತಿಗೆ ರಕ್ಷಣಾ ದೋಣಿ ಮಂಜಿನಲ್ಲಿ ಸುತ್ತುತ್ತಿತ್ತು, ಹೆಲಿಕಾಪ್ಟರು ಗುಡುಗುತ್ತಿತ್ತು, ಅರ್ಧ ಊರು ದಡದಲ್ಲಿತ್ತು. ಕರಾವಳಿ ರಕ್ಷಣಾ ತಂಡದ ಮುಖ್ಯಸ್ಥ ಡೆಕ್ಲನ್ ಮೀಹನ್ ಪುಸ್ತಕ ಬಿಡಿಸಿ ಕೋಲ್ಮನ್‌ನ ಅಕ್ಕ ಕನ್ಸೆಪ್ಟಾಳನ್ನು ವಿಚಾರಿಸುತ್ತಿದ್ದ. ನಮ್ಮೂರಿನಲ್ಲಿ ಶವಪೆಟ್ಟಿಗೆ ಮಾಡುವವನೂ ಅವನೇ.

"ಎತ್ತರ ಎಷ್ಟು? ಆರಡಿ ಇದಾನಾ?"

"ಯಾವ ಕೆಲಸಕ್ಕೆ ಕೇಳ್ತಿದೀಯ ಡೆಕ್ಲನ್?"

"ಸದ್ಯಕ್ಕೆ ಹುಡುಕೋದಕ್ಕೆ."

"ಅಯ್ಯೋ ನನ್ನ ತಮ್ಮಾ! ಸ್ನಾನದ ತೊಟ್ಟೀಲೂ ಒಂದು ಕೈಯಲ್ಲಿ ಅಂಚು ಹಿಡ್ಕೋತಿದ್ದನಲ್ಲೋ! ಈ ಹೆಂಗಸರ ಸಹವಾಸ ಬೇಡ ಅಂತ ಬಡ್ಕೊಂಡೆ!"

"ನಾವೇನಮ್ಮ ಮಾಡಿದ್ವಿ?" ಎಂದಳು ಫಿಲೊಮಿನಾ.

"ಕೇಕ್ ಕೊಟ್ರಿ! ಅದಕ್ಕೇ ಬರ್ತಿದ್ದ ಅವನು!"

ಫಾದರ್ ಟಿಯರ್ನಿ ಮಂಡಿಯೂರಿದರು. ಜನ ಕೋಲ್ಮನ್‌ನ ಗುಣಗಾನ ಶುರುಮಾಡಿದರು. ಎಂಥ ಚಾಲಕ, ಒಂದು ದಿನ ತಡ ಮಾಡಿದವನಲ್ಲ! ಬದುಕಿದ್ದಾಗ ತಿರುವಿನಲ್ಲಿ ಹಾರ್ನ್ ಮಾಡುತ್ತಾನೆಂದು ಬೈದವರೇ ಅವರು. ಸುದ್ದಿ ಕೇಳಿ ಓಡಿಬಂದ ನನಗೆ ಬಂಡೆಯ ಹಿಂದೆ ಬರೀ ಸರಂಜಾಮು ಕಂಡಿತು. ಇಳಿದೇಬಿಟ್ಟನೇ? ಒಬ್ಬನೇ?

ಹನ್ನೊಂದಕ್ಕೆ ಬಂಡೆಯ ಹಿಂದಿನ ಅದೇ ಕಾಲುದಾರಿಯಲ್ಲಿ ಮನುಷ್ಯ ಇಳಿದು ಬಂದ.

"ಡೀಲಿಯಾ, ಏನಿದು ಗಲಾಟೆ? ಯಾರಾದ್ರೂ ಹೋದ್ರಾ?"

"ನೀನು ಹೋಗಿದೀಯ."

ಸ್ಲೇಟು, ಹೆಲಿಕಾಪ್ಟರು, ಅಕ್ಕ, ಎಲ್ಲ ಒಟ್ಟಿಗೆ ಅರ್ಥವಾಗಿ ಅವನ ಮುಖ ಹಾಲಿನಂತಾಯಿತು.

"ಕಾಗದ ಹಾಕಿದೆಯಾ?"

"ಸರದಿಯಲ್ಲಿ ನಿಂತೆ. ನನ್ನ ಸರದಿ ಬಂತು. ವಾಪಸ್ ಬಂದೆ."

"ಹೋಗು, ಇದನ್ನಾದರೂ ನಿಜ ಹೇಳು."

"ಹೇಳ್ತೀನಿ, ಹೇಳ್ತೀನಿ" ಎಂದು ಹೋದವನು, ಹೆಲಿಕಾಪ್ಟರಿನ ಕಡೆ ಇನ್ನೊಮ್ಮೆ ನೋಡಿದ. ನಾನು ತಡೆಯುವಷ್ಟರಲ್ಲಿ ಬಟ್ಟೆ ಕಿತ್ತು, ಬಾಟಲಿ ತಲೆಗೆ ಸುರಿದುಕೊಂಡು, ಸೊಂಟಕ್ಕೆ ತೇಲುಬುರುಡೆ ಕಟ್ಟಿ, ಬಂಡೆಯ ಆಚೆ ಹೋಗಿ ನಿಂತೇಬಿಟ್ಟ!

ಮೊದಲು ಕನ್ಸೆಪ್ಟಾ ಕಿರುಚಿದಳು, ಆಮೇಲೆ ಎಲ್ಲರೂ. ಡೆಕ್ಲನ್ ಕೈಯಿಂದ ಪುಸ್ತಕ ನೀರಿಗೆ ಬಿತ್ತು. ಫಿಲೊಮಿನಾ ಅವನನ್ನು ಕಂಬಳಿಯಲ್ಲಿ ಸುತ್ತಿ ಜ್ವರದ ಕಡ್ಡಿ ಇಟ್ಟು ನೋಡಿದಳು, ಕೊಡವಿ ಮತ್ತೆ ನೋಡಿದಳು.

"ಮೂವತ್ತೇಳು! ಮೂರು ಗಂಟೆ ಆ ನೀರಲ್ಲಿದ್ದು ಮೂವತ್ತೇಳು ಡಿಗ್ರಿ! ಒಲೆಯಿಂದ ತೆಗೆದ ಬ್ರೆಡ್ಡಿನ ಹಾಗಿದಾನೆ!"

"ಹೇಗಪ್ಪಾ ಬದುಕಿದೆ?" ಎಂದರು ಫಾದರ್.

"ಅಂಗಾತ ತೇಲಿದೆ ಫಾದರ್. ಪುಸ್ತಕದಲ್ಲಿ ಹೇಳಿರೋ ಹಾಗೆ."

"ನಮ್ಮ ಅಜ್ಜಿ ಕಡೆಯವರು ಸಮುದ್ರದ ಸೀಲ್ ಪ್ರಾಣಿಯ ಸಂತತಿ ಅಂತ ಹೇಳ್ತಿದ್ರು" ಎಂದಳು ಕನ್ಸೆಪ್ಟಾ, ಕಣ್ಣೊರೆಸಿಕೊಂಡು. "ನಾನು ನಂಬಿರಲಿಲ್ಲ. ಇವನ ಮೀಸೆ ನೋಡಿದ್ರೆ ಗೊತ್ತಾಗಲ್ವಾ?"

ಆ ಗುರುವಾರ ಜಿಲ್ಲೆಯ ವಾರಪತ್ರಿಕೆಯಲ್ಲಿ ಅವನ ಫೋಟೋ ಬಂತು, ಕೆಳಗೆ 'ಕಾರಿಗ್‌ಬೆಗ್‌ನ ಸೀಲ್ ಮನುಷ್ಯ'. ಪತ್ರಿಕೆ ಹಿಡಿದು ಕೋಲ್ಮನ್ ನನ್ನ ಬಾಗಿಲಿಗೆ ಬಂದ. ಹಿಗ್ಗಿರುತ್ತಾನೆ ಅಂದುಕೊಂಡೆ, ಒಳಗೆ ಬಂದು ಬಾಗಿಲು ಹಾಕಿಕೊಂಡ.

"ಡೀಲಿಯಾ, ನೋರೀನ್‌ಳ ಚಿಕ್ಕಮ್ಮನ ಮಗಳು ಪ್ರತಿ ತಿಂಗಳೂ ಈ ಪತ್ರಿಕೆಗಳನ್ನ ಕಟ್ಟಿ ಹ್ಯಾಲಿಫ್ಯಾಕ್ಸ್‌ಗೆ ಕಳಿಸ್ತಾಳೆ."

"ಕಳಿಸಲಿ. ಉತ್ತರ ಅವಳಿಗೆ ಸಿಗುತ್ತೆ."

"ಇದು ಉತ್ತರ ಅಲ್ಲ."

"ಹಾಗಾದರೆ ಪತ್ರಿಕೆಗಿಂತ ಮುಂಚೆ ನಿನ್ನ ಕಾಗದ ಹೋಗಲಿ. ತಿಂಗಳ ಕೊನೆಗೆ ಇನ್ನೂ ಹನ್ನೊಂದು ದಿನ ಇದೆ."

ಹನ್ನೊಂದು ದಿನದಲ್ಲಿ ಈಜು ಕಲಿಯುತ್ತೇನೆ ಎಂದ. ಕಲಿಯಲು ಬಿಡುವೇ ಸಿಗಲಿಲ್ಲ. ಪಕ್ಕದ ಪ್ಯಾರಿಷ್ಷಿನವರು ಬಂದು ಅವನ ತೋಳು ಮುಟ್ಟಿ ನೋಡಿದರು. ಇದೇ ಸಮಯವೆಂದು ಡೆಕ್ಲನ್ ಪ್ಯಾರಿಷ್ ಹಾಲಿನಲ್ಲಿ 'ಚಳಿನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಹೇಗೆ' ಎಂದು ಸಭೆ ಸೇರಿಸಿದ. ಫಿಲೊಮಿನಾ ಅರ್ಧ ಗಂಟೆ ಮಾತಾಡಿದಳು. ಒಬ್ಬರೇ ಇಳಿಯಬೇಡಿ, ಹಾರಬೇಡಿ, ಮೆಲ್ಲಗೆ ಇಳಿದು ಉಸಿರು ಹದಕ್ಕೆ ಬರುವವರೆಗೆ ತೇಲಿ, ನಡುಕ ಬರುವ ಮೊದಲೇ ಹತ್ತಿಬನ್ನಿ, ಹತ್ತಿಬಂದ ಮೇಲೂ ಮೈ ತಣ್ಣಗಾಗುತ್ತಲೇ ಹೋಗುತ್ತದೆ. ಜನ ಆಕಳಿಸಿದರು. ಕೋಲ್ಮನ್ ಎದ್ದು ನಿಂತ, ಜನವೂ ಎದ್ದು ನಿಂತರು.

"ಮೂರು ಗಂಟೆ ಹೊತ್ತು ಏನು ನೆನೆಸ್ಕೋತಿದ್ದೆ ಕೋಲ್ಮನ್?" ಎಂದು ಯಾರೋ ಕೇಳಿದರು.

ಬೆಚ್ಚಿಬಿದ್ದ ಅವನ ಬಾಯಿಂದ ನಿಜ ಬಂತು. "ಅಂಚೆ ಕಚೇರಿ."

"ಎಂಥ ವೈರಾಗ್ಯ!" ಎಂದರು ಫಾದರ್ ಟಿಯರ್ನಿ. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಫಾದರ್ ಮುಂದಕ್ಕೆ ಬಾಗಿದರು. "ಚಳಿ ಯಾವಾಗ ಬಿಡುತ್ತಪ್ಪಾ?"

"ಹತ್ತು ನಿಮಿಷ ತಡ್ಕೊಂಡ್ರೆ, ಆಮೇಲೆ ಚಳಿ ಅನ್ನೋದೇ ಗೊತ್ತಾಗಲ್ಲ ಫಾದರ್."

"ಗೊತ್ತಾಗದೇ ಇದ್ದಾಗಲೇ ಸಾಯೋದು!" ಎಂದು ಫಿಲೊಮಿನಾ ಕೂಗಿದಳು. ಅವಳ ಫೋಟೋ ಪತ್ರಿಕೆಯಲ್ಲಿ ಬಂದಿರಲಿಲ್ಲ, ಯಾರೂ ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಮಡುವಿನ ಬಳಿ ನಾವಿಬ್ಬರೇ. ಕೋಲ್ಮನ್ ಕೋಟು ಹಾಕಿಕೊಂಡು ಮೊದಲ ಮೆಟ್ಟಿಲ ಮೇಲೆ ನಿಂತಿದ್ದ. ಸ್ಲೇಟು ಖಾಲಿ.

"ಇವತ್ತು ಮೊಣಕಾಲವರೆಗೆ. ಕೈ ಕೊಡು" ಎಂದೆ.

"ನಾಳೆ?"

"ಇವತ್ತು."

ಆಗ ನೀರಿನ ಕಡೆಯಿಂದ ಹಾಡು ಕೇಳಿಸಿತು. ಹಾಡಲ್ಲ, ಮಂತ್ರ. ಮೂವತ್ತು ಮಾರು ಆಚೆ ಒಂದು ಬಿಳಿಯ ತಲೆ. ಫಾದರ್ ಟಿಯರ್ನಿ! ಹೆಸರು ಬರೆಯದೆ ಇಳಿದಿದ್ದರು. ಪಾದ್ರಿ ಮಡುವಿನಲ್ಲಿ ಪಾದ್ರಿಯ ಹೆಸರೇಕೆ ಎಂದುಕೊಂಡಿರಬೇಕು.

"ಎಷ್ಟು ಹೊತ್ತಾಯ್ತು ಫಾದರ್?" ಎಂದು ಕೂಗಿದೆ.

"ಇಪ್ಪತ್ತ... ಇಪ್ಪತ್ತೈ... ಚಳಿಯೇ ಇಲ್ಲ ಡೀ... ಡೀ..." ನಾಲಗೆ ತೊಡರಿತು. ಅವರು ಮುಂದುವರಿಸಿದ್ದು ಮಗುವಿಗೆ ನಾಮಕರಣ ಮಾಡುವ ಪ್ರಾರ್ಥನೆ, ನಡುವೆ ಮದುವೆಯದ್ದೂ ಎರಡು ಸಾಲು ಸೇರಿಕೊಂಡಿತು. ಕೈ ಬೀಸುವುದು ನಿಂತಿತು, ಗಲ್ಲ ನೀರಿಗಿಳಿಯಿತು.

ನಾನು ಸ್ವೆಟರು ಬಿಚ್ಚತೊಡಗಿದೆ.

"ನಿಲ್ಲು!" ಎಂದ ಕೋಲ್ಮನ್. ಅಂಥ ದನಿ ಅವನ ಗಂಟಲಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. "ಮುಳುಗುವವರ ಹಿಂದೆ ಇಳಿಯಬಾರದು. ಒಬ್ಬರ ಬದಲು ಇಬ್ಬರು ಹೋಗ್ತಾರೆ. ಮೂರನೇ ಅಧ್ಯಾಯ. ನೀನು ಫೋನ್ ಮಾಡು. ಫಾದರ್! ಅಂಗಾತ! ಕಿವಿ ನೀರೊಳಗೆ ಹೋಗಲಿ, ಹೊಟ್ಟೆ ಮೇಲಕ್ಕೆ! ಆಕಾಶ ನೋಡಿ, ನಿಮ್ಮೋರೇ ಇದಾರೆ ಅಲ್ಲಿ!"

ದಡದ ಕಂಬಕ್ಕೆ ತೂಗುಹಾಕಿದ್ದ, ಹಗ್ಗ ಕಟ್ಟಿದ ಜೀವರಕ್ಷಕ ರಬ್ಬರಿನ ಬಳೆ ಕಿತ್ತು ಎಸೆದ. ಮೊದಲ ಸಲ ಗಾಳಿಗೆ ಸಿಕ್ಕಿ ಪಕ್ಕಕ್ಕೆ ಬಿತ್ತು. ಎರಡನೆಯ ಸಲ ಫಾದರ್ ತಲೆಯಾಚೆ ಬಿದ್ದು, ಹಗ್ಗ ಅವರ ಎದೆಯ ಮೇಲೆ ಜಾರಿತು.

"ಬೆರಳು ಮಡಚಲ್ಲ ಕೋ... ಕೋ..."

"ಬೆರಳು ಬೇಡ! ತೋಳು ತೂರಿಸಿ, ಮೊಣಕೈ ಮಡಚಿ!"

ಎಳೆದ. ಫಾದರ್ ಮೆಟ್ಟಿಲ ಬುಡಕ್ಕೆ ಬಂದರು, ಹತ್ತಲಾರರು. ಕಾಲು ಮರದ ತುಂಡಾಗಿತ್ತು, ಅಲೆ ಬಂದಾಗಲೆಲ್ಲ ತಲೆ ಕಲ್ಲಿಗೆ ಬಡಿಯುವಂತಿತ್ತು. ಕೋಲ್ಮನ್ ಒಂದು ಕೈಯಲ್ಲಿ ಕಬ್ಬಿಣದ ಸರಳು ಹಿಡಿದ. ಕೋಟಿನ ಸಮೇತ, ಶೂ ಸಮೇತ, ಒಂದು ಮೆಟ್ಟಿಲು ಇಳಿದ. ಮೊಣಕಾಲು. ಇನ್ನೊಂದು. ಸೊಂಟ. "ಅಮ್ಮಾ" ಎಂದ. ಇನ್ನೊಂದು. ಎದೆ. ಉಸಿರು ಕಟ್ಟಿ ಬಾಯಿ ತೆರೆದು ನಿಂತ. ನಾನು ಮೇಲಿನಿಂದ "ಉಸಿರು ಬಿಡೋ! ಮೊದಲು ಬಿಡು, ಆಮೇಲೆ ಎಳ್ಕೋ!" ಎಂದೆ. ಬಿಟ್ಟ. ಫಾದರನ್ನು ಕಂಕುಳಲ್ಲಿ ಹಿಡಿದು ಮೆಟ್ಟಿಲ ಮೇಲೆ ತಂದ.

ಫಿಲೊಮಿನಾ, ಡೆಕ್ಲನ್, ಕನ್ಸೆಪ್ಟಾ ಓಡಿಬರುವ ಹೊತ್ತಿಗೆ ಫಾದರ್ ಟಿಯರ್ನಿ ಒಣಬಟ್ಟೆಯಲ್ಲಿ ಮಲಗಿದ್ದರು. ಮೇಲೆ ಕೋಲ್ಮನ್‌ನ ನಿಲುವಂಗಿ, ತಲೆಗೆ ಅವನ ಟೋಪಿ.

"ಕೈಕಾಲು ತಿಕ್ಕಬೇಡಿ!" ಎಂದು ಅವನು ಡೆಕ್ಲನ್‌ಗೆ ಗದರುತ್ತಿದ್ದ. "ಬಿಸಿನೀರು ಹುಯ್ಯಬಾರದು. ನುಂಗೋಕೆ ಆಗುತ್ತೆ ಅಂದ ಮೇಲೆ ಉಗುರುಬೆಚ್ಚನೆ ಸಕ್ಕರೆ ಟೀ, ಗುಟುಕು ಗುಟುಕಾಗಿ."

ಫಿಲೊಮಿನಾ ಬಾಯಿ ತೆರೆದಳು. ತಿದ್ದುವುದಕ್ಕೆ ಏನೂ ಇಲ್ಲದೆ ಮುಚ್ಚಿದಳು. ಅವಳ ಬದುಕಿನಲ್ಲಿ ಅದೇ ಮೊದಲು.

ಅರ್ಧ ಲೋಟ ಟೀ ಒಳಗೆ ಹೋದ ಮೇಲೆ ಫಾದರ್‌ಗೆ ನಾಲಗೆ ಬಂತು. "ನಾನು ಅರ್ಧ ಗಂಟೆಗೇ ಹೀಗಾದೆ. ನೀನು ಮೂರು ಗಂಟೆ ಹೇಗಪ್ಪಾ ಇದ್ದೆ?"

ಕೋಲ್ಮನ್ ನಮ್ಮೆಲ್ಲರ ಮುಖ ನೋಡಿದ. ಹುಬ್ಬಿನಿಂದ ಸಮುದ್ರ ತೊಟ್ಟಿಕ್ಕುತ್ತಿತ್ತು.

"ಇರಲಿಲ್ಲ ಫಾದರ್. ಬಸ್ಸಲ್ಲಿದ್ದೆ."

ಅಲೆಯೊಂದು ಬಂದು ಹೋಯಿತು.

"ಅದಕ್ಕೇ ಮೂವತ್ತೇಳು ಡಿಗ್ರಿ!" ಎಂದಳು ಕನ್ಸೆಪ್ಟಾ. "ಬಸ್ಸಲ್ಲಿ ಹೀಟರ್ ಇತ್ತು! ನಾನು ಊರೆಲ್ಲ ಸೀಲ್ ವಂಶ ಅಂತ ಹೇಳ್ಕೊಂಡು ಬಂದಿದೀನಲ್ಲೋ, ನನ್ನ ಮುಖ ಎಲ್ಲಿಡಲಿ?"

"ಹೆಲಿಕಾಪ್ಟರ್ ತರಿಸಿದ್ದೆ ಕಣಯ್ಯಾ ನಿನಗೆ" ಎಂದ ಡೆಕ್ಲನ್. "ಮರ ಕೂಡ ನೋಡಿಟ್ಟಿದ್ದೆ. ಓಕ್."

"ನನ್ನ ಜ್ವರದ ಕಡ್ಡೀನ ಕಸಕ್ಕೆ ಎಸೆದೆ" ಎಂದಳು ಫಿಲೊಮಿನಾ, ತಣ್ಣಗೆ. "ಕೆಟ್ಟಿದೆ ಅಂತ."

ಕೋಲ್ಮನ್ ಎಲ್ಲದಕ್ಕೂ ತಲೆಯಾಡಿಸಿದ. ಫಾದರ್ ಅಲ್ಲೇ ನಿಲುವಂಗಿಯೊಳಗಿಂದ ಪಾಪನಿವೇದನೆ ಕೇಳಿ, ಒಂದು ವರ್ಷ ಪಾಚಿ ಉಜ್ಜಬೇಕೆಂದು ವಿಧಿಸಿದರು. ನನ್ನ ಮಂಡಿಯ ಮಟ್ಟಿಗೆ ಅಷ್ಟು ಒಳ್ಳೆಯ ತೀರ್ಪನ್ನು ಚರ್ಚು ಹಿಂದೆಂದೂ ಕೊಟ್ಟಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಒಳಜೇಬಿಗೆ ಕೈ ಹಾಕಿದ. ಅಂಗೈಯಲ್ಲಿ ಬಂದದ್ದು ಕಾಗದವಲ್ಲ, ನೀಲಿಗಟ್ಟಿದ ಗಂಜಿ.

"ಮೂರು ವರ್ಷ" ಎಂದ.

ನನ್ನ ಅಡುಗೆಮನೆಯಲ್ಲಿ ಒಲೆಯ ಮುಂದೆ ನನ್ನ ಶಾಲು ಹೊದ್ದು ಕೂತು ಹೊಸದನ್ನು ಬರೆದ. ನಾಲ್ಕು ಸಾಲು. ಎರಡು ಪದಕ್ಕೆ ಅಕ್ಷರ ಹೇಗೆಂದು ಕೇಳಿದ, ಹೇಳಿಕೊಟ್ಟೆ. ಅಂಟಿಸುವ ಮೊದಲು ಓದೆಂದು ಕೊಟ್ಟ. 'ನೋರೀನ್, ಪತ್ರಿಕೆಯಲ್ಲಿ ಬರುವುದು ಸುಳ್ಳು. ಇವತ್ತು ಇಳಿದೆ, ಎದೆಯವರೆಗೆ, ಸರಳು ಹಿಡಿದುಕೊಂಡು. ಈಜು ಬರುವುದಿಲ್ಲ. ನೀನು ಬಂದರೆ ಕಲಿಯುತ್ತೇನೆ, ಬರದಿದ್ದರೂ ಕಲಿಯುತ್ತೇನೆ, ಆದರೆ ಬಾ.'

"ಕೊನೆಯದನ್ನ ಹೊಡೆದುಹಾಕಲಾ?"

"ಕೈ ಮುರೀತೀನಿ" ಎಂದೆ.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಅಂಚೆ ಕಚೇರಿಯವರೆಗೆ ಹೋದೆ. ಸರದಿಯಲ್ಲಿ ಅವನ ಹಿಂದೆ ನಿಂತೆ, ತಿರುಗಿ ಓಡಿದರೆ ನನ್ನನ್ನು ದಾಟಿಯೇ ಓಡಬೇಕು. ಗಾಜಿನ ಆಚೆಯ ಹೆಂಗಸು ಕವರನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಟೀ ಕಲೆ ಆಗಿದೆಯಲ್ಲಾ. ಇನ್ನೊಂದು ಕವರ್ ಕೊಡ್ಲಾ, ವಿಳಾಸ ಬರೆದುಕೊಡ್ತೀರಾ?"

"ಬೇಡಮ್ಮಾ" ಎಂದ ಕೋಲ್ಮನ್. "ಇನ್ನೊಂದು ಬರೆಯೋಕೆ ಕೂತರೆ ನನಗೆ ಎಪ್ಪತ್ತು ದಾಟುತ್ತೆ."

ಅವಳು ಮುದ್ರೆ ಒತ್ತಿ ಹಿಂದಿನ ಚೀಲಕ್ಕೆ ಎಸೆದಳು. ಸರದಿಯಲ್ಲಿದ್ದವರು ಕೆಮ್ಮಿದರು, ಗೊಣಗಿದರು, ಒಬ್ಬ ಛತ್ರಿಯ ತುದಿಯಿಂದ ನೆಲ ಕುಟ್ಟಿದ. ಒಳಗಿನಿಂದ ಒಬ್ಬ ಬಂದು ಚೀಲದ ಬಾಯಿ ಕಟ್ಟಿ, ಹೆಗಲಿಗೇರಿಸಿಕೊಂಡು ಹಿಂದಿನ ಬಾಗಿಲಿನಿಂದ ಹೊರಗೆ ಹೋಗುವವರೆಗೂ ಕೋಲ್ಮನ್ ಆ ಗಾಜಿನ ಮುಂದಿನಿಂದ ಕದಲಲಿಲ್ಲ.